ಮಲ್ಲೇಶ್ವರದ ನಂದಿತೀರ್ಥ ಕೊಳ, ಪಕ್ಕದ ಸ್ಯಾಂಕಿ ಕೆರೆ: ಎರಡೂವರೆ ಗಂಟೆಯಲ್ಲಿ ಏನೇನು ನೋಡಬಹುದು?

ಹದಿನೈದನೇ ಕ್ರಾಸ್

ಆರು-ಏಳನೇ ತರಗತಿಯ 12 ಮಕ್ಕಳು, ಜೊತೆಗೆ ಮೂವರು ದೊಡ್ಡೋರು. ಭಾನುವಾರ ಬೆಳಗ್ಗೆ ನಂದಿತೀರ್ಥದ ಕಲ್ಯಾಣಿ ನೋಡಿ, ಅಲ್ಲಿಂದ ನಡ್ಕೊಂಡೇ ಸ್ಯಾಂಕಿ ಕೆರೆಗೆ ಹೋಗೋ ಯೋಚನೆ. ಎಲ್ಲಿ ನಿಲ್ಲಿಸ್ಬೇಕು, ಏನು ತೋರಿಸ್ಬೇಕು, ಏನು ತಗೊಂಡು ಹೋಗ್ಬೇಕು? ಫಲಕ ಓದಿಸಿ ಫೋಟೋ ಹೊಡ್ಕೊಂಡು ಬರೋದು ಬೇಡ. ಸಣ್ಣ ಕೊಳದಲ್ಲಿ ಹತ್ತು ನಿಮಿಷಕ್ಕಿಂತ ಜಾಸ್ತಿ ನೋಡೋಕೆ ಏನಿದೆ ಅನ್ನೋ ಅನುಮಾನವೂ ಇದೆ. ಗೊತ್ತಿದ್ದೋರು ಹೇಳಿ.

ನೀರಗಂಟಿ

ಮೊದಲು ಕ್ರಮ ತಿರುಗಿಸಿ. ಕೆರೆ ಮೊದಲು, ಕಲ್ಯಾಣಿ ಆಮೇಲೆ. ಆರೂವರೆಗೆ ಕೆರೆ ಹತ್ರ ಇರಿ, ಎಂಟೂಕಾಲರ ಹೊತ್ತಿಗೆ ದೇವಸ್ಥಾನದ ಬೀದಿಗೆ ಬನ್ನಿ. ಹಕ್ಕಿಗಳು ಬಿಸಿಲೇರಿದ ಮೇಲೆ ಮರದೊಳಗೆ ಸೇರ್ಕೊಳ್ತವೆ. ನೀರು ಕಾಯಿಲೆ ಬಿದ್ದಿದ್ರೆ ಅದರ ಗುಟ್ಟು ಗೊತ್ತಾಗೋದೂ ಬೆಳಗಿನ ಜಾವದಲ್ಲೇ, ಅದನ್ನ ಬೇರೆಯವರು ಹೇಳ್ತಾರೆ. ಕಲ್ಯಾಣಿಯಲ್ಲಿ ಬೆಳಗಿನ ಪೂಜೆಯ ಗಡಿಬಿಡಿ ಮುಗಿದ ಮೇಲೆ ಮಕ್ಕಳಿಗೆ ಕೂತು ನೋಡೋಕೆ ಜಾಗ ಸಿಗುತ್ತೆ. ಮಧ್ಯಾಹ್ನಕ್ಕೆ ತಳ್ಳಬೇಡಿ, ಬಾಗಿಲು ಹಾಕಿರುತ್ತೆ.

ಸ್ಯಾಂಕಿ ಕೆರೆಯಲ್ಲಿ ಬೆಂಚಿನ ಹತ್ರ ನಿಲ್ಲಿಸಬೇಡಿ, ಏರಿ ಮೇಲೆ ನಿಲ್ಲಿಸಿ. ಹದಿನೆಂಟನೇ ಕ್ರಾಸ್ ಕಡೆಯಿಂದ ಸದಾಶಿವನಗರಕ್ಕೆ ಹೋಗೋ ರಸ್ತೆ ಇದೆಯಲ್ಲ, ಅದೇ ಏರಿ. ದಿನಾ ಅದರ ಮೇಲೆ ಗಾಡಿ ಓಡಿಸೋರಿಗೂ ತಾವು ಒಂದು ಅಣೆಕಟ್ಟೆ ಮೇಲೆ ಇದೀವಿ ಅಂತ ಗೊತ್ತಿರಲ್ಲ. ಮಕ್ಕಳಿಗೆ ಏನೂ ಹೇಳದೆ ಒಂದೇ ಪ್ರಶ್ನೆ ಕೇಳಿ: ಒಂದು ಕಡೆ ನೀರು ಎಲ್ಲಿದೆ, ಇನ್ನೊಂದು ಕಡೆ ನೆಲ ಎಲ್ಲಿದೆ? ಎರಡರ ಮಟ್ಟ ಹೋಲಿಸಿದ ತಕ್ಷಣ "ಇದು ತಾನಾಗಿ ಆದ ಕೆರೆಯಲ್ಲ, ಕಟ್ಟಿದ್ದು" ಅನ್ನೋದು ಅವರಿಗೇ ಹೊಳೆಯುತ್ತೆ.

ಕಟ್ಟಿಸಿದ್ದು 1882ರಲ್ಲಿ, ಮದ್ರಾಸ್ ಸ್ಯಾಪರ್ಸ್ ಅನ್ನೋ ಸೇನೆಯ ಎಂಜಿನಿಯರ್ ಪಡೆಯ ಕರ್ನಲ್ ರಿಚರ್ಡ್ ಸ್ಯಾಂಕಿ, ಊರಿಗೆ ನೀರು ಕೊಡೋಕೆ. ಪಕ್ಕದಲ್ಲಿ ಸರ್ಕಾರಿ ಗಂಧದ ಕೋಠಿ ಇದ್ದದ್ದಕ್ಕೆ ಹಳಬರು ಗಂಧದಕೋಟಿ ಕೆರೆ ಅಂತಿದ್ರು. ನೀರಿನ ಹರವು ಸುಮಾರು 37 ಎಕರೆ, ಸುತ್ತಳತೆ 1.7 ಕಿ.ಮೀ. ಮಕ್ಕಳ ನಡಿಗೆಗೆ ನಿಲ್ಲದೆ ಹೋದ್ರೆ ಅರ್ಧ ಗಂಟೆ, ನಿಂತು ನೋಡ್ತಾ ಹೋದ್ರೆ ಒಂದು ಗಂಟೆ ಕಾಲು.

ಆಮೇಲೆ ಮೂರು ಜಾಗ ಹುಡುಕೋಕೆ ಬಿಡಿ. ನೀರು ಒಳಗೆ ಬರೋ ಜಾಗ, ತುಂಬಿದ ಮೇಲೆ ಹೊರಗೆ ಹೋಗೋ ಕೋಡಿ, ಕಲ್ಲಿನ ಮೇಲೆ ಹಳೇ ನೀರಿನ ಗೆರೆ. ಗೆರೆ ಸುಲಭ: ಮೇಲಿನ ಒಣ ಕಲ್ಲಲ್ಲಿ ಬೂದುಬಣ್ಣದ ಕಲ್ಲುಹೂವು ಬೆಳೆದಿರುತ್ತೆ, ನೀರು ಆಗಾಗ ಮುಟ್ಟೋ ಕಡೆ ಅದು ಬೆಳೆಯಲ್ಲ. ಆ ಗೆರೆಯಿಂದ ಈಗಿನ ನೀರಿನವರೆಗೆ ಎಷ್ಟು ಗೇಣು ಅಂತ ಅಂದಾಜು ಮಾಡಿಸಿ.

ಹದಿನೈದನೇ ಕ್ರಾಸ್

ಒಳ ಬರೋ ಜಾಗ ಅಂದ್ರೆ ಚರಂಡಿ ಥರ ಇರುತ್ತಲ್ಲ. ಅಲ್ಲಿ ಮಕ್ಕಳಿಗೆ ಏನು ತೋರಿಸೋದು?

ನೀರಗಂಟಿ

ಕೆರೆಯ ಅರ್ಧ ಜಾತಕ ಅಲ್ಲೇ ಇರೋದು. ಹತ್ತು ದಿನದಿಂದ ಮಳೆ ಬಂದಿಲ್ಲ, ಆದ್ರೂ ಕಾಲುವೆಯಲ್ಲಿ ನೀರು ಹರೀತಿದೆ ಅಂದ್ರೆ ಅದು ಮಳೆನೀರಲ್ಲ, ಮನೆನೀರು. ಮನೆನೀರು ಬೆಳಗ್ಗೆ ಏಳರಿಂದ ಹತ್ತರವರೆಗೆ, ಸ್ನಾನ-ಬಟ್ಟೆ-ಪಾತ್ರೆ ಹೊತ್ತಲ್ಲಿ ಜಾಸ್ತಿ. ಮಧ್ಯಾಹ್ನ ಮೂರಕ್ಕೆ ನೋಡಿದ್ರೆ ಸಣ್ಣಗಾಗಿರುತ್ತೆ. ಕೊಳಚೆ ಸೇರೋ ಕಡೆ ಕಲ್ಲಿಗೆ ಬೂದುಬಿಳಿ ಹತ್ತಿಯಂಥ ಎಳೆಗಳು ಅಂಟಿ ತೂಗಾಡ್ತವೆ. ಅದು ಪಾಚಿಯಲ್ಲ, ಬ್ಯಾಕ್ಟೀರಿಯಾ. ಕೆಸರಲ್ಲಿ ಕೆಂಪು ದಾರದ ತುಂಡಿನಂಥ ಹುಳು ನುಲಿದಾಡ್ತಿದ್ರೆ ಅಲ್ಲಿ ಆಮ್ಲಜನಕ ಕಮ್ಮಿ. ಆ ಹುಳುಗಳ ಮೈಯಲ್ಲಿ ನಮ್ಮ ರಕ್ತದಲ್ಲಿರೋ ಥರದ್ದೇ ಹಿಮೋಗ್ಲೋಬಿನ್ ಇರೋದ್ರಿಂದ ಅಲ್ಲೂ ಬದುಕ್ತವೆ, ಆ ಕೆಂಪೂ ಅದರದ್ದೇ.

ಒಂದು ಲೆಕ್ಕ ಬೋರ್ಡಿನ ಮೇಲೆ ಮಾಡಿಸಿ ಕರ್ಕೊಂಡು ಹೋಗಿ. ಒಂದು ಎಕರೆ ಮೇಲೆ ಒಂದು ಮಿ.ಮೀ ನೀರು ಅಂದ್ರೆ 4,047 ಲೀಟರ್. ಬೇಸಿಗೆಯಲ್ಲಿ ದಿನಕ್ಕೆ 5 ಮಿ.ಮೀ ಆವಿಯಾದ್ರೆ ಎಕರೆಗೆ 20 ಸಾವಿರ ಲೀಟರ್, 37 ಎಕರೆಗೆ ಏಳೂವರೆ ಲಕ್ಷ. ಆರು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ದಿನಕ್ಕೆ 125 ಟ್ಯಾಂಕರ್, ಯಾರೂ ಮುಟ್ಟದೇನೇ. ಈಗ ಉಲ್ಟಾ. ಜಲಾನಯನ, ಅಂದ್ರೆ ಮಳೆನೀರು ಕೆರೆಗೆ ಹರಿದು ಬರೋ ಪ್ರದೇಶ, ಸುಮಾರು ಒಂದೂಕಾಲು ಚದರ ಕಿ.ಮೀ. ಅದರ ಮೇಲೆ 25 ಮಿ.ಮೀ ಮಳೆ ಬಿದ್ದು ಅರ್ಧ ನೀರು ಹರಿದು ಬಂದ್ರೂ ಕೆರೆ ಹತ್ತು ಸೆಂ.ಮೀ ಏರುತ್ತೆ. ಬೇಸಿಗೆಯ ಇಪ್ಪತ್ತು ದಿನದ ಆವಿ ಒಂದು ಸಂಜೆ ಮಳೆಗೆ ವಾಪಸ್. ಬರೋ ಕಾಲುವೆ ಮುಚ್ಚಿದ್ರೆ ಕೆರೆ ಯಾಕೆ ಸಾಯುತ್ತೆ ಅನ್ನೋದಕ್ಕೆ ಬೇರೆ ಭಾಷಣ ಬೇಡ.

ಗುಳುಮುಳುಕ

ಹಕ್ಕಿ ವಿಷಯ ನಂದು. 8×42 ಬೈನಾಕ್ಯುಲರ್ ನಾಲ್ಕು ಮಕ್ಕಳಿಗೊಂದು ಸಾಕು. ಸೂರ್ಯ ಬೆನ್ನಿಗಿರಲಿ: ಬೆಳಗ್ಗೆ ಪೂರ್ವದ ದಡದಲ್ಲಿ ನಿಂತು ಪಶ್ಚಿಮಕ್ಕೆ ನೋಡಿ. ಮಲ್ಲೇಶ್ವರದ ಕಡೆ ದಡದಿಂದ ನೋಡಿದ್ರೆ ಎಲ್ಲಾ ಹಕ್ಕಿಯೂ ಕರಿ ನೆರಳೇ.

ಹೆಸರಿನ ಪಟ್ಟಿ ಕೊಡಬೇಡಿ, ನಡವಳಿಕೆ ಕೊಡಿ. ನೀರಲ್ಲಿ ತೇಲ್ತಾ ಇದ್ದು ಥಟ್ಟನೆ ಮಾಯ ಆಗಿ ಉಂಗುರದ ಅಲೆ ಮಾತ್ರ ಉಳಿಸೋದು ಗುಳುಮುಳುಕ. ಮಾಯವಾದ ಕ್ಷಣದಿಂದ ಸೆಕೆಂಡ್ ಎಣಿಸಿ, ಮತ್ತೆ ಎಲ್ಲಿ ಏಳುತ್ತೆ ಅಂತ ಬೆರಳು ತೋರಿಸೋ ಆಟ ಆಡಿಸಿ. ಹನ್ನೆರಡು ಮಕ್ಕಳಲ್ಲಿ ಒಬ್ಬರೂ ಸರಿ ಹೇಳಲ್ಲ. ಇಡೀ ಮೈ ಕಪ್ಪು, ಹಣೆ ಮೇಲೆ ಬಿಳಿ ಬಿಲ್ಲೆ ಇರೋದು ನಾಮದಕೋಳಿ. ಅದು ಸಲೀಸಾಗಿ ಮೇಲೆ ಹಾರಲ್ಲ, ನೀರ ಮೇಲೆ ಚಟಚಟ ಓಡಿ ಆಮೇಲೆ ಏಳುತ್ತೆ. ನೀರುಕಾಗೆ ರೆಕ್ಕೆ ಬಿಚ್ಚಿ ಬಟ್ಟೆ ಒಣಹಾಕಿದ ಹಾಗೆ ಕೂತಿರುತ್ತೆ. ಅದರ ಗರಿ ನೀರು ಹೀರ್ಕೊಳ್ಳುತ್ತೆ, ಹಾಗಾಗಿ ಮುಳುಗೋದು ಸುಲಭ, ಒಣಗಿಸ್ಕೊಳ್ಳೋ ಕೆಲಸ ಆಮೇಲೆ. ದಡದ ಕಲ್ಲಲ್ಲಿ ಮಣ್ಣಿನ ಬಣ್ಣದ ಮುದ್ದೆ ಥರ ಕೂತದ್ದು ಹಾರಿದ ಕೂಡ್ಲೇ ಬೆಳ್ಳಗಾದ್ರೆ ಕೊಳದ ಬಕ.

ಮಳೆಗಾಲದಲ್ಲಿ ಹೋಗೋದಾದ್ರೆ ಗುಳುಮುಳುಕನ ಗೂಡು ಹುಡುಕಿ. ನೀರ ಮೇಲೆ ತೇಲೋ ಕೊಳೆತ ಜೊಂಡಿನ ಗುಪ್ಪೆ, ಯಾರೋ ಎಸೆದ ಕಸ ಅನಿಸುತ್ತೆ. ಹಕ್ಕಿ ಇಳಿಯೋ ಮುಂಚೆ ಹಸಿ ಜೊಂಡೆಳೆದು ಮೊಟ್ಟೆ ಮುಚ್ಚಿ ಹೋಗುತ್ತೆ, ಹಾಗಾಗಿ ಮೊಟ್ಟೆ ಕಾಣಲ್ಲ. ಕೆರೆ ಸ್ವಚ್ಛತೆ ಅಂತ ಉತ್ಸಾಹದಲ್ಲಿ ಎಳೆದು ಹಾಕೋದು ಎಷ್ಟೋ ಸಲ ಇದನ್ನೇ.

ಲ್ಯಾಬ್ ಅಟೆಂಡರ್

ನೀರಿನ ಪರೀಕ್ಷೆ ಮಾಡಿಸ್ತೀರಾ? ಶಾಲೆಯಲ್ಲಿ ನೀರಲ್ಲಿ ಕರಗಿರೋ ಆಮ್ಲಜನಕ ಅಳೆಯೋ ಕಿಟ್ ಇದ್ರೆ ಅದೊಂದೇ ಸಾಕು. ಹತ್ತು ಬಗೆ ಪಟ್ಟಿ ಅದ್ದಿ ಬಣ್ಣ ನೋಡೋದಕ್ಕಿಂತ ಇದೊಂದು ನೆಟ್ಟಗೆ ಮಾಡೋದು ಮೇಲು.

ಹದಿನೈದನೇ ಕ್ರಾಸ್

ಕಿಟ್ ಇದೆ. ಆದ್ರೆ ಕಂಬಿ ದಾಟಿ ನೀರು ಮುಟ್ಟೋ ಹಾಗಿಲ್ಲ.

ಲ್ಯಾಬ್ ಅಟೆಂಡರ್

ದಾಟಲೂ ಬಾರದು. ಮೊದಲು ಅಲ್ಲಿನ ಸಿಬ್ಬಂದಿಗೆ ಹೇಳಿ, ಒಂದು ಸಣ್ಣ ಬಕೆಟ್‌ಗೆ ಹಗ್ಗ ಕಟ್ಟಿ ದೊಡ್ಡೋರು ಇಳಿಬಿಡಿ. ದಬಕ್ ಅಂತ ಎಸೆದ್ರೆ ಗಾಳಿ ಬೆರೆತು ಲೆಕ್ಕ ಕೆಡುತ್ತೆ. ಓರೆಯಾಗಿ ಇಳಿಸಿ ಮೆಲ್ಲಗೆ ತುಂಬಿಸ್ಕೊಳ್ಳಿ. ಬಕೆಟ್ಟಿಂದ ಶೀಶೆಗೆ ಸುರಿಯಬೇಡಿ. ಅಕ್ವೇರಿಯಂ ಪೈಪ್ ಮೂರಡಿ ಸಾಕು, ಒಂದು ತುದಿ ಬಕೆಟ್ ತಳಕ್ಕೆ, ಇನ್ನೊಂದು ತುದಿ ಶೀಶೆಯ ತಳಕ್ಕೆ. ಬಾಯಿಂದ ಎಳೀಬೇಡಿ, ಪೈಪನ್ನ ಪೂರ್ತಿ ನೀರಲ್ಲಿ ಮುಳುಗಿಸಿ ತುಂಬಿಸಿ ಬೆರಳು ಮುಚ್ಚಿ ತೆಗೀರಿ. ಶೀಶೆ ತುಂಬಿ ಇನ್ನೂ ಒಂದೆರಡು ಶೀಶೆಯಷ್ಟು ಉಕ್ಕಿ ಹೋಗಲಿ. ಬಿರಡೆ ಹಾಕಿ ತಲೆಕೆಳಗು ಮಾಡಿ ನೋಡಿ, ಒಂದು ಗುಳ್ಳೆ ಕಂಡ್ರೂ ಮತ್ತೆ ಮೊದಲಿಂದ.

ಮೊದಲು ಮ್ಯಾಂಗನಸ್ ಸಲ್ಫೇಟ್, ಆಮೇಲೆ ಕ್ಷಾರದ ಅಯೊಡೈಡ್, ಕಿಟ್‌ನಲ್ಲಿ ಹೇಳಿದಷ್ಟೇ ಹನಿ. ಮುಚ್ಚಿ ಹತ್ತಾರು ಸಲ ತಿರುಗಿಸಿ. ಮಕ್ಕಳು ನೋಡಬೇಕಾದ್ದು ಇಲ್ಲೇ: ಶೀಶೆಯೊಳಗೆ ಮೋಡದ ಹಾಗೆ ಗಸಿ ಕಟ್ಟುತ್ತೆ. ಕಾಫಿಪುಡಿ ಬಣ್ಣ ಬಂದ್ರೆ ಆಮ್ಲಜನಕ ಚೆನ್ನಾಗಿದೆ, ಮಾಸಲು ಹಳದಿ ಅಂದ್ರೆ ಕಮ್ಮಿ, ಹಾಲಿನಂಥ ಬಿಳಿ ಆದ್ರೆ ಇಲ್ಲವೇ ಇಲ್ಲ. ಇಲ್ಲಿಗೆ ಆಮ್ಲಜನಕ ಕಟ್ಟಿಬಿದ್ದ ಹಾಗೆ. ಆಮ್ಲ ಹಾಕೋದು, ಗಂಜಿ ಹಾಕಿ ನೀಲಿ ಹೋಗೋವರೆಗೆ ಥಯೋಸಲ್ಫೇಟ್ ಬಿಡೋದು, ಅದೆಲ್ಲ ಅವತ್ತೇ ಶಾಲೆಗೆ ಹೋಗಿ ಮೇಷ್ಟ್ರ ಕೈಯಲ್ಲಿ. ಸಲ್ಫ್ಯೂರಿಕ್ ಆಮ್ಲದ ಬಾಟಲಿ ಕೆರೆ ದಂಡೆಗೆ ತರಲೇಬೇಡಿ.

ಅಂಕಿ ಬಂದ ಮೇಲೆ ಹೋಲಿಕೆ ಹೀಗೆ. ಬೆಂಗಳೂರಿನ ಎತ್ತರದಲ್ಲಿ, 25 ಡಿಗ್ರಿ ನೀರು ಗಾಳಿಯಿಂದ ಹಿಡಿದಿಟ್ಟುಕೊಳ್ಳೋದು ಲೀಟರಿಗೆ ಸುಮಾರು 7.4 ಮಿಲಿಗ್ರಾಂ. ಪಠ್ಯದಲ್ಲಿ 8.3 ಅಂತ ಇರುತ್ತೆ, ಅದು ಸಮುದ್ರಮಟ್ಟದ ಲೆಕ್ಕ. ಮೀನಿನ ಬಾಳ್ವೆಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹಾಕಿರೋ ಗೆರೆ 4. ಹಸಿರು ತುಂಬಿದ ನೀರಲ್ಲಿ ಮಧ್ಯಾಹ್ನ 12 ಬಂದ್ರೂ ಹಿಗ್ಗಬೇಡಿ, ಅದೇ ನೀರು ಬೆಳಗಿನ ಜಾವಕ್ಕೆ 2ಕ್ಕೆ ಇಳಿದಿರಬಹುದು. ಹಗಲು ಪಾಚಿ ಆಮ್ಲಜನಕ ಬಿಡುತ್ತೆ, ರಾತ್ರಿ ಅದೂ ನಮ್ಮ ಹಾಗೇ ಉಸಿರಾಡುತ್ತೆ. ಆರೂವರೆಗೆ ಹೋಗಿ ಅಂದದ್ದು ಅದಕ್ಕೆ. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡ್ತಿದ್ರೆ ಕಿಟ್ ಚೀಲದಿಂದ ತೆಗೆಯೋ ಮುಂಚೆಯೇ ಉತ್ತರ ಸಿಕ್ಕಿತು.

ಬೆಳಗಿನ ವಾಕರ್

ಹಾಗಾದ್ರೆ ಕಾರಂಜಿ ಬಿಟ್ಟಿರ್ತಾರಲ್ಲ, ಅದರಿಂದ ಆಮ್ಲಜನಕ ಬರಲ್ವಾ?

ಲ್ಯಾಬ್ ಅಟೆಂಡರ್

ಬರುತ್ತೆ, ಅದರ ಸುತ್ತಮುತ್ತ, ಮೇಲ್ಪದರಕ್ಕೆ. ತಳದ ಕೆಸರಿಗೆ ತಲುಪಬೇಕಂದ್ರೆ ತಳದಿಂದ ಗಾಳಿಗುಳ್ಳೆ ಬಿಡೋ ಯಂತ್ರ ಬೇಕು. ಅದಕ್ಕಿಂತ ಮುಖ್ಯ, ಎಷ್ಟೋ ಕಡೆ ಕಾರಂಜಿ ಓಡಿಸೋದು ಸಂಜೆ, ಜನ ನೋಡ್ಲಿ ಅಂತ. ನೀರಿಗೆ ಬೇಕಾಗಿರೋದು ರಾತ್ರಿ ಹನ್ನೆರಡರಿಂದ ಆರು.

ಪಾಚಿಪುರಾಣ

ಹಸಿರು ನೀರು ಅಂದ್ರೆಲ್ಲ ಒಂದೇ ಅಲ್ಲ. ಕೋಲಿನ ಪರೀಕ್ಷೆ ಮಾಡಿಸಿ. ಉದ್ದ ಕಡ್ಡಿ ನೀರಿಗೆ ಬಿಟ್ಟು ಎತ್ತಿದಾಗ ಕೂದಲಿನಂಥ ಎಳೆ ಜೋತುಬಿದ್ರೆ ನೂಲುಪಾಚಿ, ಅಷ್ಟೇನೂ ಅಪಾಯ ಇಲ್ಲ. ಕಡ್ಡಿಗೆ ಹಸಿರು ಪೇಂಟ್ ಬಳಿದ ಹಾಗೆ ಆದ್ರೆ ಅದು ನೀಲಿಹಸಿರು ಬ್ಯಾಕ್ಟೀರಿಯಾ, ಕೆಲವದರಲ್ಲಿ ಲಿವರಿಗೆ ವಿಷ ಇರುತ್ತೆ. ಕೈ ಹಾಕಿಸಬೇಡಿ, ನಾಯಿ ಕುಡಿಯೋಕೆ ಬಿಡಬೇಡಿ. ಈ ಪೇಂಟು ಗಾಳಿ ಬೀಸೋ ದಿಕ್ಕಿನ ಮೂಲೆಗೆ ಹೋಗಿ ಗುಡ್ಡೆಯಾಗುತ್ತೆ. ಒಂದು ಮೂಲೆ ನೋಡಿ ಕೆರೆಯೆಲ್ಲ ಹೀಗೇ ಅಂದ್ಕೋಬೇಡಿ. ಎದುರು ಮೂಲೆ ತಿಳಿಯಾಗಿದೆ ಅಂತ ಎಲ್ಲಾ ಸರಿ ಇದೆ ಅಂತಲೂ ಅಲ್ಲ.

ಇನ್ನೊಂದು, ಶೀಶೆ ಪರೀಕ್ಷೆ. ಗಾಜಿನ ಉಪ್ಪಿನಕಾಯಿ ಶೀಶೆಯಲ್ಲಿ ಮುಕ್ಕಾಲು ನೀರು ಹಿಡಿದು ಅಲ್ಲಾಡಿಸದೆ ಮಾರನೇ ಬೆಳಗ್ಗೆವರೆಗೆ ಇಡಿ. ಹಸಿರು ಮೇಲೆ ಉಂಗುರ ಕಟ್ಟಿ ತೇಲಿದ್ರೆ ನೀಲಿಹಸಿರು ಜಾತಿ, ಅದರ ಜೀವಕೋಶದೊಳಗೆ ಗಾಳಿಚೀಲ ಇದೆ. ತಳಕ್ಕೆ ಇಳಿದ್ರೆ ಸಾಮಾನ್ಯ ಪಾಚಿ. ಹತ್ತಕ್ಕೆ ಹತ್ತು ಸಲ ಸರಿ ಬರಲ್ಲ, ಆದ್ರೆ ಮೈಕ್ರೋಸ್ಕೋಪ್ ಇಲ್ಲದೆ ಇಷ್ಟು ಹೇಳೋಕೆ ಸುಲಭದ ಉಪಾಯ ಇದು.

ತಿಳಿ ಎಷ್ಟು ಅಂತ ಅಳೆಯೋಕೆ ಹಳೇ ಸಿ.ಡಿ ಸಾಕು. ನಾಲ್ಕು ಹೋಳು ಗೆರೆ ಎಳೆದು ಒಂದು ಬಿಟ್ಟು ಒಂದಕ್ಕೆ ಕಪ್ಪು, ಉಳಿದದ್ದಕ್ಕೆ ಬಿಳಿ ಬಣ್ಣ. ನಡುವಿನ ತೂತಿನಲ್ಲಿ ಬೋಲ್ಟು-ನಟ್ಟು-ವಾಷರ್ ಬಿಗಿದು ಹತ್ತು ಸೆಂ.ಮೀಗೊಂದು ಗಂಟು ಹಾಕಿದ ದಾರ ಕಟ್ಟಿ. ನೆರಳಿನ ಕಡೆ ಇಳಿಬಿಟ್ಟು, ಕಾಣೆಯಾದ ಗಂಟು ಮತ್ತು ಎತ್ತುವಾಗ ಮತ್ತೆ ಕಂಡ ಗಂಟು, ಎರಡರ ಸರಾಸರಿ ಬರೆಯಿರಿ. ವಿಜ್ಞಾನಿಗಳ ತಟ್ಟೆ 20 ಸೆಂ.ಮೀ ಅಗಲ, ಸಿ.ಡಿ 12, ಹಾಗಾಗಿ ಬೇರೆಯವರ ಅಂಕಿ ಜೊತೆ ಹೋಲಿಸಬೇಡಿ. ನಿಮ್ಮದೇ ಹೋದ ತಿಂಗಳ ಅಂಕಿ ಜೊತೆ ಹೋಲಿಸಿ. ಮೂರು ಗಂಟಿಗೇ ಮಾಯವಾದ್ರೆ ನೀರು ತುಂಬಾ ಮಂದ.

ಕಲ್ಲುಮೆಟ್ಟಿಲು

ಎಲ್ಲರೂ ಸ್ಯಾಂಕಿಯಲ್ಲೇ ನಿಂತ್ರಿ. ಕೇಳಿದ್ದು ಸಣ್ಣ ಕೊಳದ ಬಗ್ಗೆ. ಹತ್ತು ನಿಮಿಷದ್ದಲ್ಲ ಅದು, ಮುಕ್ಕಾಲು ಗಂಟೆ ಇಟ್ಕೊಳ್ಳಿ.

ನಂದಿತೀರ್ಥ ಇರೋದು ಕಾಡುಮಲ್ಲೇಶ್ವರ ದೇವಸ್ಥಾನ, ಗಂಗಮ್ಮನ ಗುಡಿ ಎರಡರ ಎದುರಿಗೆ. ಬೀದಿಯಿಂದ ಕೆಳಕ್ಕೆ ಇಳಿದು ಹೋಗಬೇಕು. ಎಷ್ಟು ಮೆಟ್ಟಿಲು ಇಳಿದ್ರಿ ಅಂತ ಎಣಿಸಿಸಿ, ಮುಂದೆ ಬೇಕಾಗುತ್ತೆ. ಮಣ್ಣಡಿ ಮುಚ್ಚಿಹೋಗಿದ್ದ ಈ ಜಾಗ 1997ರಲ್ಲಿ ಅಗೆಯುವಾಗ ಬೆಳಕಿಗೆ ಬಂತು. ದಕ್ಷಿಣಕ್ಕೆ ಮುಖ ಮಾಡಿದ ನಂದಿ, ಅದರ ಬಾಯಿಂದ ನೀರು ಕೆಳಗಿನ ಲಿಂಗದ ಮೇಲೆ ಬಿದ್ದು, ಅಲ್ಲಿಂದ ನಡುವಿನ ಕೊಳಕ್ಕೆ ಸೇರುತ್ತೆ. ಏಳು ಸಾವಿರ ವರ್ಷ ಹಳೇದು ಅಂತ ವಾಟ್ಸ್ಆ್ಯಪ್‌ನಲ್ಲಿ ಓಡಾಡೋದನ್ನ ಮಕ್ಕಳಿಗೆ ಹೇಳಬೇಡಿ. ಗಟ್ಟಿ ಆಧಾರ ಬೇಕಂದ್ರೆ ಎದುರಿನ ಕಾಡುಮಲ್ಲೇಶ್ವರದಲ್ಲೇ ಶಾಸನ ಇದೆ: 1669, ಶಿವಾಜಿಯ ಮಲತಮ್ಮ ವೆಂಕೋಜಿ ಮಲ್ಲಪುರದ ಮಲ್ಲಿಕಾರ್ಜುನ ದೇವರಿಗೆ ಮೇದರನಿಂಗನಹಳ್ಳಿ ಗ್ರಾಮ ಬಿಟ್ಟದ್ದು. ಮಲ್ಲಪುರವೇ ಮಲ್ಲೇಶ್ವರ. ಬಡಾವಣೆ ಬೆಳೆದದ್ದು 1898ರ ಪ್ಲೇಗ್ ಆದ ಮೇಲೆ, ಅಂದ್ರೆ ಊರಿಗಿಂತ ದೇವರು ಹಳಬ.

ಈಗ ಮುಖ್ಯ ಪ್ರಶ್ನೆ. ಪಂಪಿಲ್ಲದೆ ನಂದಿ ಬಾಯಲ್ಲಿ ನೀರು ಬರೋದು ಹೇಗೆ? ಎಣಿಸಿದ ಮೆಟ್ಟಿಲು ನೆನಪಿಸಿ. ನೀವು ನಿಂತಿರೋದು ಬೀದಿಗಿಂತ ಅಷ್ಟು ಕೆಳಗೆ. ಮೇಲಿನ ದಿಣ್ಣೆಯಲ್ಲಿ ಬಿದ್ದ ಮಳೆ ಕೆಂಪು ಮಣ್ಣಲ್ಲಿ ಇಂಗಿ, ಅದರಡಿಯ ಕೊಳೆತ ಕಲ್ಲಿನ ಪದರಲ್ಲಿ ಜರುಗಿ, ಗಟ್ಟಿ ಬಂಡೆ ತಡೆದ ಕಡೆ ಓರೆಯಾಗಿ ಹರಿಯುತ್ತೆ. ತಗ್ಗು ಅಗೆದ ಜಾಗದಲ್ಲಿ ಜಿನುಗುತ್ತೆ. ಆ ಜಿನುಗನ್ನ ಒಂದು ತೊಟ್ಟಿಗೆ ಹಿಡಿದು ಕಲ್ಲಿನ ಬಾಯಿಗೆ ತಂದ್ರೆ ನಂದಿತೀರ್ಥ. ಮೇಲಿನ ಅಂಗಳಗಳಿಗೆಲ್ಲ ಕಾಂಕ್ರೀಟ್ ಹಾಕಿದಷ್ಟೂ ಈ ಧಾರೆ ಸಣ್ಣದಾಗುತ್ತೆ. ವೃಷಭಾವತಿ ಹುಟ್ಟೋದು ಇಲ್ಲೇ ಅಂತ ಒಂದು ನಂಬಿಕೆ, ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಅಂತ ಇನ್ನೊಂದು. ಎರಡೂ ಕಡೆ ಬಸವನೇ ಇರೋದ್ರಿಂದ ಜಗಳ ಮುಗಿಯಲ್ಲ. ಆ ಹೊಳೆ ಮುಂದೆ ಅರ್ಕಾವತಿ ಸೇರುತ್ತೆ, ಅದು ಕಾವೇರಿಗೆ.

ಧಾರೆ ಎಷ್ಟು ಅಂತ ಲೆಕ್ಕ ಮಾಡೋಕೆ ಬಕೆಟ್ ಹಿಡೀಬೇಡಿ, ಅರ್ಚಕರು ಬಿಂದಿಗೆ ತುಂಬಿಸುವಾಗ ಸೆಕೆಂಡ್ ಎಣಿಸಿ. ಹತ್ತು ಲೀಟರಿನ ಬಿಂದಿಗೆ 40 ಸೆಕೆಂಡಿಗೆ ತುಂಬಿದ್ರೆ ನಿಮಿಷಕ್ಕೆ 15 ಲೀಟರ್, ದಿನಕ್ಕೆ 21,600. ಇದು ಲೆಕ್ಕದ ದಾರಿ ಮಾತ್ರ, ನಿಮ್ಮ ಅಂಕಿ ನೀವೇ ತನ್ನಿ. ಬೇಸಿಗೆಯಲ್ಲೊಮ್ಮೆ, ದೀಪಾವಳಿ ಹೊತ್ತಲ್ಲೊಮ್ಮೆ ಎಣಿಸಿದ್ರೆ ಹೋಲಿಸೋಕೆ ಸಿಗುತ್ತೆ.

ಕೊಳದ ಮೆಟ್ಟಿಲೇ ಅಳತೆಪಟ್ಟಿ. ಒಂದು ಮೆಟ್ಟಿಲಿನ ಎತ್ತರ ಗೇಣಲ್ಲಿ ಅಳೆದು ಬರ್ಕೊಳ್ಳಿ, ಎಷ್ಟು ಮೆಟ್ಟಿಲು ಒಣಗಿವೆ ನೋಡಿ, ನೀರು ಎಷ್ಟು ಇಳಿದಿದೆ ಗೊತ್ತಾಯ್ತು. ಮೆಟ್ಟಿಲು ಇರೋದು ಅಂದಕ್ಕಲ್ಲ. ನೀರು ಯಾವ ಮಟ್ಟದಲ್ಲಿದ್ರೂ ಕೊಡ ಮುಳುಗಿಸೋಕೆ ನಿಲ್ಲೋ ಜಾಗ ಬೇಕು. ಜೊತೆಗೆ ಬದಿಯ ಮಣ್ಣು ಒಳಗೆ ಕುಸಿಯದ ಹಾಗೆ ಹಂತಹಂತವಾಗಿ ಒತ್ತಿ ಹಿಡಿಯೋದೂ ಅದೇ. ಹಳೇ ಕಲ್ಯಾಣಿಗಳಲ್ಲಿ ಕಲ್ಲು-ಕಲ್ಲಿನ ಸಂದಿಗೆ ಗಾರೆ ತುಂಬಿರಲ್ಲ, ಹಿಂದಿನ ಮಣ್ಣಲ್ಲಿ ನಿಂತ ನೀರು ಆ ಸಂದಿಯಲ್ಲೇ ಒಳಗೆ ಬರೋದು. "ದುರಸ್ತಿ" ಅಂತ ಆ ಸಂದಿಗೆಲ್ಲ ಸಿಮೆಂಟ್ ಮೆತ್ತಿದ್ರೆ ಎರಡು ಕೆಡುತ್ತೆ: ಒಳಗೆ ಬರೋ ಜಲ ನಿಂತುಹೋಗುತ್ತೆ, ಮಳೆಗಾಲದಲ್ಲಿ ಹಿಂದೆ ಸೇರಿದ ನೀರಿನ ಒತ್ತಡಕ್ಕೆ ಕಲ್ಲು ಉಬ್ಬಿ ಹೊರಗೆ ಬರುತ್ತೆ. ಯಾವ ಕಲ್ಯಾಣಿಗೆ ಹೋದ್ರೂ ಮೊದಲು ಸಂದಿ ನೋಡಿ.

ನೀರಿಗೆ ತಾಗಿದ ಕೊನೆ ಎರಡು ಮೆಟ್ಟಿಲಿಗೆ ಮಕ್ಕಳನ್ನ ಇಳಿಸಬೇಡಿ, ಕಣ್ಣಿಗೆ ಕಾಣದ ಲೋಳೆ ಇರುತ್ತೆ.

ಬೆಳಗಿನ ವಾಕರ್

ಮಕ್ಕಳ ಕೈಲಿ ಒಂದೊಂದು ಪೊಟ್ಟಣ ಪುರಿ ಕೊಡಿ, ಮೀನಿಗೆ ಹಾಕಲಿ. ಖುಷಿಯೂ ಆಗುತ್ತೆ, ಪುಣ್ಯವೂ ಬರುತ್ತೆ. ತಲೆತಲಾಂತರದಿಂದ ಹಾಕ್ತಾ ಬಂದಿದಾರೆ, ಯಾವ ಮೀನೂ ಸತ್ತಿಲ್ಲ.

ಲ್ಯಾಬ್ ಅಟೆಂಡರ್

ಇದಕ್ಕೆ ಲೆಕ್ಕದಲ್ಲೇ ಉತ್ತರ ಕೊಡ್ತೀನಿ, ಬೇಜಾರು ಮಾಡ್ಕೋಬೇಡಿ. ಆರು ಮೀಟರ್ ಉದ್ದ, ಆರು ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಕೊಳ ಅಂತ ಇಟ್ಕೊಳ್ಳಿ. 54 ಘನ ಮೀಟರ್, 54 ಸಾವಿರ ಲೀಟರ್. ಲೀಟರಿಗೆ 7 ಮಿಲಿಗ್ರಾಂ ಲೆಕ್ಕದಲ್ಲಿ ಅಷ್ಟೂ ನೀರಲ್ಲಿ ಕರಗಿರೋ ಆಮ್ಲಜನಕ ಒಟ್ಟು 378 ಗ್ರಾಂ. ಅಷ್ಟೇ. ಪುರಿ ಬಹುಪಾಲು ಪಿಷ್ಟ, ಒಂದು ಕೆ.ಜಿ ಪೂರ್ತಿ ಕೊಳೆಯೋಕೆ ಸುಮಾರು ಒಂದು ಕೆ.ಜಿ ಆಮ್ಲಜನಕ ಬೇಕು. ಅಂದ್ರೆ ಮೀನು ತಿನ್ನದೆ ಬಿಟ್ಟ 400 ಗ್ರಾಂ ಪುರಿ ಆ ಕೊಳದ ಅಷ್ಟೂ ಉಸಿರು ಬೇಡುತ್ತೆ. ಗಾಳಿಯಿಂದ ಮತ್ತೆ ಕರಗುತ್ತೆ ನಿಜ, ಆದ್ರೆ ಸುತ್ತ ಗೋಡೆ ಇರೋ, ಅಲೆಯಿಲ್ಲದ ಕೊಳದಲ್ಲಿ ಅದು ನಿಧಾನ. ಹಾಲಿಗೂ ಬೇಕು, ಒಂದು ಲೀಟರ್ ಹಾಲು ಕೊಳೆಯೋಕೆ ಸುಮಾರು 100 ಗ್ರಾಂ ಆಮ್ಲಜನಕ. ಅದಕ್ಕೇ ಕೊಳಕ್ಕೆ ಹರಿಯೋ ಕಡೆ ಅಭಿಷೇಕದ ಹಾಲನ್ನ ಬೇರೆ ಪಾತ್ರೆಗೆ ಹಿಡಿಯೋದು ಒಳ್ಳೇದು.

ಹನ್ನೆರಡು ಪೊಟ್ಟಣ ಬೇಡ. ಹಾಕಲೇಬೇಕು ಅಂದ್ರೆ ಎಲ್ಲರಿಗೂ ಸೇರಿ ಒಂದು ಮುಷ್ಟಿ, ಮೀನು ಕಚ್ಚಿ ಮುಗಿಸೋದು ಕಂಡ ಮೇಲೆ ಇನ್ನೊಂದು ಚಿಟಿಕೆ.

ಬೆಳಗಿನ ವಾಕರ್

378 ಗ್ರಾಂ ಅಂದ್ರೆ ನಂಬೋಕಾಗ್ತಿಲ್ಲ. ಸರಿ, ಗುಣಿಸಿ ನೋಡಿದೆ, ಬರುತ್ತೆ. ಪುರಿ ಮಾತು ವಾಪಸ್.

ಸೊಳ್ಳೆಬತ್ತಿ

ಹೆತ್ತವರಿಂದ ಒಂದು ಪ್ರಶ್ನೆ ಬಂದೇ ಬರುತ್ತೆ: ಕೊಳದ ಹತ್ರ ಹೋದ್ರೆ ಡೆಂಗಿ ಬರಲ್ವಾ? ಡೆಂಗಿ ಹರಡೋ ಈಡಿಸ್ ಮೊಟ್ಟೆ ಇಡೋದು ಮನೆ ಸುತ್ತಲ ಡ್ರಮ್ಮು, ಹೂಕುಂಡದ ತಟ್ಟೆ, ಟೈರು, ಎಳನೀರು ಬುರುಡೆಯಲ್ಲಿ. ಮೀನಿರೋ, ಗಾಳಿಗೆ ಅಲೆ ಏಳೋ ನೀರಿನ ನಡುವಲ್ಲಿ ಯಾವ ಸೊಳ್ಳೆಯೂ ಹುಟ್ಟೋದು ಕಷ್ಟ. ಹುಟ್ಟೋದು ಅಂಚಲ್ಲಿ: ಹುಲ್ಲಿನ ಬುಡದಲ್ಲಿ, ತೇಲೋ ಪ್ಲಾಸ್ಟಿಕ್ ಲೋಟದಲ್ಲಿ, ಅಂತರಗಂಗೆಯ ನಡುವೆ. ಮ್ಯಾನ್ಸೋನಿಯಾ ಅನ್ನೋ ಜಾತಿಯ ಮರಿ ಉಸಿರಾಡೋಕೆ ಮೇಲೂ ಬರಲ್ಲ, ಅಂತರಗಂಗೆಯ ಬೇರಿಗೆ ಕೊಳವೆ ಚುಚ್ಚಿ ಅದರೊಳಗಿನ ಗಾಳಿ ಎಳ್ಕೊಳ್ಳುತ್ತೆ. ಎಣ್ಣೆ ಹೊಯ್ದು ಪ್ರಯೋಜನ ಇಲ್ಲ, ಗಿಡ ತೆಗೆದ್ರೆ ಅದೂ ಹೋಯ್ತು.

ಬಿಳಿ ಬಟ್ಟಲಲ್ಲಿ ಅಂಚಿನ ನೀರು ತಗೊಂಡು ನೋಡಿ. ಮರಿ ತಲೆಕೆಳಗಾಗಿ ಓರೆಯಾಗಿ ತೂಗಿದ್ರೆ ಕ್ಯೂಲೆಕ್ಸ್ ಅಥವಾ ಈಡಿಸ್, ನೀರಿನ ಮೇಲ್ಮೈಗೆ ಸಮನಾಗಿ ಮಲಗಿದ್ರೆ ಮಲೇರಿಯಾದ ಅನಾಫಿಲಿಸ್.

ಮೀನು ತಂದು ಬಿಡೋಣ ಅಂತ ಯಾರಾದ್ರೂ ಅಂದ್ರೆ ಬೇಡ ಅನ್ನಿ. ಗಂಬೂಸಿಯಾ, ಗಪ್ಪಿ ಎರಡೂ ಹೊರದೇಶದ್ದು. ಸೊಳ್ಳೆಮರಿ ಜೊತೆ ಕಪ್ಪೆಮರಿ, ಬೇರೆ ಮೀನಿನ ಮರಿ ಎಲ್ಲಾ ತಿಂತವೆ.

ಪಾಚಿಪುರಾಣ

ಅಷ್ಟು ಗಟ್ಟಿಯಾಗಿ ಹೇಳೋಕಾಗಲ್ಲ. ಮುಚ್ಚಿದ ತೊಟ್ಟಿ, ಕಟ್ಟಡ ಕೆಲಸದ ಗುಂಡಿ, ಬಳಸದ ಬಾವಿಗೆ ಗಪ್ಪಿ ಬಿಡೋದು ಆರೋಗ್ಯ ಇಲಾಖೆಯ ರೂಢಿ, ಕೆಲಸವೂ ಮಾಡುತ್ತೆ. ಹೊರಗೆ ಹರಿದು ಹೋಗೋ ದಾರಿ ಇರೋ ಕೆರೆ-ಕೊಳಕ್ಕೆ ಬೇಡ, ಅದು ಒಪ್ಪುವ ಮಾತು. ನಮ್ಮದೇ ಮೀನು ಇದೆಯಲ್ಲ, ತಲೆ ಮೇಲೆ ಬೆಳ್ಳಿ ಚುಕ್ಕೆ ಹೊಳೆಯೋ ಎರಡಿಂಚಿನ ಮೀನು, ನೀರಿನ ಮೇಲ್ಪದರದಲ್ಲೇ ಸುಳಿದಾಡುತ್ತೆ, ಅದಕ್ಕೂ ಸೊಳ್ಳೆಮರಿ ಇಷ್ಟ. ಮೇಲಿಂದ ನೋಡಿದ್ರೆ ಮೀನು ಕಾಣಲ್ಲ, ಚುಕ್ಕೆ ಮಾತ್ರ ಓಡಾಡುತ್ತೆ.

ಸೊಳ್ಳೆಬತ್ತಿ

ಒಪ್ಪಿದೆ. ಜೊತೆಗೆ ಮಕ್ಕಳಿಗೆ ಇದನ್ನೂ ಹೇಳಿ: ಮನೆ ಅಕ್ವೇರಿಯಂ ಬೇಜಾರಾದ್ರೆ ಕೆರೆಗೆ ತಂದು ಬಿಡೋ ಹಾಗಿಲ್ಲ. ಕಣ್ಣ ಹಿಂದೆ ಕೆಂಪು ಪಟ್ಟೆ ಇರೋ ಆಮೆ ಕಂಡ್ರೆ ಅದು ಅಮೆರಿಕದ್ದು, ಯಾರೋ ಸಾಕಿ ಬಿಟ್ಟದ್ದು. ಗಾಜಿಗೆ ಬಾಯಿ ಕಚ್ಚಿ ಪಾಚಿ ತಿನ್ನೋ ಕರಿ ಮೀನು ಕೆರೆಯಲ್ಲಿ ಒಂದಡಿಗೂ ಮೀರಿ ಬೆಳೆದು ದಡದ ಮಣ್ಣಲ್ಲಿ ಬಿಲ ಕೊರೆಯುತ್ತೆ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯಂತೂ 2000ದಿಂದ ದೇಶದಲ್ಲೇ ನಿಷೇಧ.

ಹದಿನೈದನೇ ಕ್ರಾಸ್

ಸ್ಯಾಂಕಿ ಪಕ್ಕದಲ್ಲೇ ಗಣೇಶ ಬಿಡೋ ಕಲ್ಯಾಣಿ ಇದೆಯಲ್ಲ, ಅದನ್ನೂ ಸೇರಿಸ್ಲಾ?

ನೀರಗಂಟಿ

ಸೇರಿಸಿ, ಐದು ನಿಮಿಷ ಸಾಕು. ಹೆಸರು ಕಲ್ಯಾಣಿ, ಕೆಲಸ ಬೇರೆ. ವಿಗ್ರಹದ ಮಣ್ಣು, ಬಣ್ಣ, ಹೂವು ಕೆರೆಯ ಮುಖ್ಯ ನೀರಿಗೆ ಸೇರದ ಹಾಗೆ ತಡೆಯೋ ತೊಟ್ಟಿ ಅದು. ವಿಸರ್ಜನೆ ಆದ ಮೇಲೆ ಅವಶೇಷ ಎತ್ತಿ, ಸುಣ್ಣ ಹಾಕಿ ಗಸಿ ಇಳಿಸಿ, ಕೆಸರು ಬೇರೆ ಸಾಗಿಸಬೇಕು. ಜೇಡಿಮಣ್ಣಿನ ಸಣ್ಣ ಗಣಪ ಕೆಲವು ಗಂಟೆಯಲ್ಲಿ ಕರಗಿ ಕೆಸರಾಗ್ತಾನೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ದಿನಗಟ್ಟಲೆ ಹಾಗೇ ಇರುತ್ತೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020ರ ಮಾರ್ಗಸೂಚಿಯಲ್ಲಿ ಅದನ್ನ ಬೇಡ ಅಂದಿರೋದೂ ಇದಕ್ಕೇ. ಹಬ್ಬದ ವಾರ ಮಾತ್ರ ಈ ನಡಿಗೆ ಇಟ್ಕೋಬೇಡಿ, ಜನಜಂಗುಳಿಯಲ್ಲಿ ಏನೂ ಕಾಣಲ್ಲ.

ತಾವರೆಕೆರೆ ಎಕ್ಸ್‌ಟೆನ್ಷನ್

ಸ್ವಲ್ಪ ಆಚೀಚೆ ವಿಷಯ. ಅಪಾರ್ಟ್‌ಮೆಂಟಿನ ತಾವರೆ ಕೊಳದಲ್ಲಿ ನೀರು ನಿಲ್ಲಲ್ಲ ಅಂದ್ರೆ ಆವಿಯೋ ಸೋರಿಕೆಯೋ ಗೊತ್ತಾಗೋದು ಹೇಗೆ?

ಕಲ್ಲುಮೆಟ್ಟಿಲು

ಬಕೆಟ್ ಪರೀಕ್ಷೆ. ಅಗಲ ಬಾಯಿಯ ಬಕೆಟ್ಟನ್ನ ಕೊಳದೊಳಗೆ ಇಟ್ಟಿಗೆ ಮೇಲೆ ಕೂರಿಸಿ, ಅಂಚು ನೀರಿಂದ ನಾಲ್ಕು ಬೆರಳು ಮೇಲಿರಲಿ. ಬಕೆಟ್ ಒಳಗೂ ಹೊರಗಿನ ಮಟ್ಟಕ್ಕೇ ನೀರು ತುಂಬಿ, ಒಳಗೊಂದು ಹೊರಗೊಂದು ಗೆರೆ ಎಳೀರಿ. ಪಂಪು, ಕಾರಂಜಿ ನಿಲ್ಲಿಸಿ. ಮೂರು ದಿನ ಬಿಟ್ಟು ನೋಡಿ. ಒಳಗೆ ಹೊರಗೆ ಒಂದೇ ಸಮ ಇಳಿದಿದ್ರೆ ಬರೀ ಆವಿ. ಹೊರಗೆ ಜಾಸ್ತಿ ಇಳಿದಿದ್ರೆ ಆ ವ್ಯತ್ಯಾಸ ಸೋರಿಕೆ. ನಡುವೆ ಮಳೆ ಬಂದ್ರೆ ಮತ್ತೆ ಮೊದಲಿಂದ. ಎಷ್ಟೋ ಸಲ ಸೋರೋದು ತಳದಲ್ಲಲ್ಲ, ಪೈಪು ಗೋಡೆ ದಾಟೋ ಜಾಗದಲ್ಲಿ. ನೀರು ಇಳೀತಾ ಇಳೀತಾ ಒಂದು ಮಟ್ಟದಲ್ಲಿ ತಾನಾಗಿ ನಿಂತ್ರೆ, ಆ ಮಟ್ಟದಲ್ಲೇ ತೂತು ಹುಡುಕಿ.

ಗುಳುಮುಳುಕ

ತಾವರೆ ಅಂದ್ರಲ್ಲ, ಮಕ್ಕಳಿಗೆ ತಾವರೆ-ನೈದಿಲೆ ಬೇಧ ತೋರಿಸಿ. ತಾವರೆ ಎಲೆ ದುಂಡಗೆ, ಸೀಳಿಲ್ಲ, ನೀರಿಂದ ಮೇಲೆದ್ದು ನಿಲ್ಲುತ್ತೆ, ಹನಿ ಹಾಕಿದ್ರೆ ಪಾದರಸದ ಹಾಗೆ ಉರುಳುತ್ತೆ. ನೈದಿಲೆ ಎಲೆಗೆ ಒಂದು ಕಡೆ ಸೀಳು, ನೀರಿಗಂಟಿ ಮಲಗಿರುತ್ತೆ.

ಹದಿನೈದನೇ ಕ್ರಾಸ್

ಬರ್ಕೊಂಡೆ. ಆರೂವರೆಗೆ ಏರಿ, ಆಮೇಲೆ ಪೂರ್ವದ ದಡದಲ್ಲಿ ಹಕ್ಕಿ, ಬಕೆಟ್ ಇಳಿಸಿ ಕಿಟ್ಟು, ಸಿ.ಡಿ, ಕಡ್ಡಿ, ಗಣಪನ ತೊಟ್ಟಿ ಐದು ನಿಮಿಷ. ಎಂಟಕ್ಕೆ ಹೊರಟು ನಂದಿತೀರ್ಥ. ಪುರಿ ಇಲ್ಲ. ಒಂದೇ ಅನುಮಾನ ಉಳೀತು: ಶೀಶೆ ಪರೀಕ್ಷೆಗೆ ಹಿಡಿದ ಸ್ಯಾಂಕಿ ನೀರನ್ನ ನೋಡಿ ಆದ ಮೇಲೆ ಎಲ್ಲಿ ಚೆಲ್ಲೋದು? ನಂದಿತೀರ್ಥದ ಕಲ್ಯಾಣಿ ಸಿಗುತ್ತಲ್ಲ ಅಂತ ಹುಡುಗರು ಕೇಳೇ ಕೇಳ್ತಾರೆ.

ಪಾಚಿಪುರಾಣ

ಕಲ್ಯಾಣಿಗೆ ಒಂದು ಹನಿಯೂ ಬೇಡ. ಬಕೆಟ್, ಕಡ್ಡಿ, ಸಿ.ಡಿ ಯಾವುದನ್ನೂ ಅಲ್ಲಿ ಅದ್ದಬೇಡಿ, ಚೀಲದಲ್ಲೇ ಇರಲಿ. ಎಳ್ಳಿನಷ್ಟಿರೋ ತೇಲುಗಿಡ ಒಂದು ಅಂಟ್ಕೊಂಡು ಹೋದ್ರೆ ಸಾಕು, ಅಷ್ಟು ಸಣ್ಣ ಕೊಳ ಕೆಲವೇ ವಾರದಲ್ಲಿ ಮುಚ್ಚಿಹೋಗುತ್ತೆ. ಬಸವನಹುಳುವಿನ ಮೊಟ್ಟೆಯೂ ಹಾಗೇ ಸಾಗೋದು. ಬಕೆಟ್ಟಲ್ಲಿ ಉಳಿದದ್ದನ್ನ ಸ್ಯಾಂಕಿಗೇ ವಾಪಸ್ ಸುರೀರಿ. ಶೀಶೆಯದ್ದನ್ನ ಮಾರನೇ ದಿನ ಶಾಲೆ ಅಂಗಳದ ಒಣ ಮಣ್ಣಿಗೆ, ಸೊಪ್ಪು ಬೆಳೆದ ಮಡಿಗಲ್ಲ. ಆಮೇಲೆ ಶೀಶೆ, ಬಕೆಟ್ಟು, ಹಗ್ಗ ತೊಳೆದು ಎರಡು ದಿನ ಬಿಸಿಲಿಗೆ ಹಾಕಿ. ಹಗ್ಗ ಮರೀಬೇಡಿ, ಒದ್ದೆ ಉಳಿಯೋದು ಅದೇ.